ಕುಶಾಲನಗರದ ನಿರ್ವಹಣಾ ಯೋಜನೆಗಳನ್ನು ಮಡಿಕೇರಿಗೆ ನಕಲು ಮಾಡಿದ ವರ್ಷ

ನಮ್ಮ ಸಂಸ್ಥೆಗೆ ಕೊಡಗಿನಲ್ಲಿ ಎರಡು ವಸತಿಗೃಹಗಳಿವೆ. ಒಂದು ಕುಶಾಲನಗರದ ಸಮೀಪ ಕಾವೇರಿಯ ದಂಡೆಯಲ್ಲಿದ್ದು, ಅಲ್ಲಿನ ನಿರ್ವಹಣಾ ವಿಭಾಗವನ್ನು ನಾನು ಏಳು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಇನ್ನೊಂದು ಮಡಿಕೇರಿಯ ಹೊರವಲಯದ ಗುಡ್ಡದಲ್ಲಿ, ಕಾಫಿ ತೋಟದ ನಡುವೆ ಇದೆ. ಹೋದ ವರ್ಷದ ಏಪ್ರಿಲ್‌ನಲ್ಲಿ ಅದು ನಮ್ಮ ಕೈಗೆ ಬಂದಾಗ ಅಲ್ಲಿನ ಜನರೇಟರ್, ಟ್ರಾನ್ಸ್‌ಫಾರ್ಮರ್, ಪಂಪುಗಳು, ಬಾಯ್ಲರ್, ಕೊಳಚೆ ನೀರಿನ ಶುದ್ಧೀಕರಣ ಘಟಕ, ಅಗ್ನಿಶಾಮಕ ಸಲಕರಣೆ ಎಲ್ಲದರ ಹೊಣೆಯೂ ನನ್ನ ಪಾಲಿಗೆ ಬಂತು. ಬೇಸಿಗೆ ರಜೆಯ ಅತಿಥಿಗಳು ಮೇ 1ರಿಂದ ಬರುವವರಿದ್ದರು. ನನಗೆ ಸಿಕ್ಕಿದ್ದು ಹದಿನೆಂಟು ದಿನಗಳು.

ನಾವು ಬಳಸುವ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಯಂತ್ರಕ್ಕೂ ಅಸೆಟ್ ಎಂಬ ಒಂದು ದಾಖಲೆ ಇರುತ್ತದೆ. ಆ ಯಂತ್ರಕ್ಕೆ ಯಾವ ಕೆಲಸ ಆಗಬೇಕು, ಎಷ್ಟು ದಿನಕ್ಕೊಮ್ಮೆ ಅಥವಾ ಎಷ್ಟು ಗಂಟೆ ಓಡಿದ ಮೇಲೆ ಆಗಬೇಕು, ಯಾರು ಮಾಡಬೇಕು, ಯಾವ ಬಿಡಿಭಾಗ ಬೇಕು ಎಂಬುದನ್ನೆಲ್ಲ ಬರೆದಿಡುವುದೇ ನಿರ್ವಹಣಾ ಯೋಜನೆ; ನಮ್ಮ ಹುಡುಗರ ಬಾಯಲ್ಲಿ ಅದು ಬರೀ ‘ಪಿಎಂ’. ಗಡುವು ಬಂದೊಡನೆ ಯೋಜನೆಯಿಂದ ಒಂದು ವರ್ಕ್ ಆರ್ಡರ್ ತಾನಾಗಿಯೇ ತಯಾರಾಗಿ ತಂತ್ರಜ್ಞನ ಮೊಬೈಲಿಗೆ ಹೋಗುತ್ತದೆ, ಅವನು ಕೆಲಸ ಮಾಡಿ, ಚೆಕ್‌ಲಿಸ್ಟ್ ತುಂಬಿ, ಫೋಟೊ ಹಾಕಿ ಮುಗಿಸುತ್ತಾನೆ. ಕುಶಾಲನಗರದಲ್ಲಿ ಇಂಥ 64 ಯೋಜನೆಗಳಿದ್ದವು. ಅವು ಒಂದೇ ಸಲಕ್ಕೆ ಕುಳಿತು ಬರೆದವುಗಳಲ್ಲ. ಪಂಪು ಸುಟ್ಟಾಗ ಒಂದು ಸಾಲು, ಅತಿಥಿಯೊಬ್ಬರ ಕೋಣೆಯಲ್ಲಿ ಬಿಸಿನೀರು ನಿಂತಾಗ ಇನ್ನೊಂದು ಸಾಲು, ಹೀಗೆ ಏಳು ವರ್ಷಗಳಲ್ಲಿ ಬೆಳೆದವು. ಅವುಗಳ ಮೇಲೆ ನನಗೆ ಅಭಿಮಾನವೂ ಇತ್ತು, ಭರವಸೆಯೂ ಇತ್ತು.

ಸಾಫ್ಟ್‌ವೇರ್‌ನಲ್ಲಿ ಪ್ರತಿ ಯೋಜನೆಯ ಪಕ್ಕದಲ್ಲಿ ‘ಡೂಪ್ಲಿಕೇಟ್’ ಎಂಬ ಬಟನ್ ಇದೆ. ಒತ್ತಿದರೆ ಅದೇ ಯೋಜನೆಯ ಇನ್ನೊಂದು ಪ್ರತಿ, ಹೆಸರಿನ ಕೊನೆಯಲ್ಲಿ ‘ಕಾಪಿ’ ಎಂಬ ಪದ ಸೇರಿಕೊಂಡು ತಯಾರಾಗುತ್ತದೆ. ಆ ಪ್ರತಿಯಲ್ಲಿ ಸ್ಥಳವನ್ನೂ ಅಸೆಟನ್ನೂ ಬದಲಿಸಿ, ಆರಂಭದ ದಿನಾಂಕ ಕೊಟ್ಟು, ಸಕ್ರಿಯಗೊಳಿಸಿದರೆ ಕೆಲಸ ಮುಗಿಯಿತೆಂದು ನಾನು ಭಾವಿಸಿದ್ದೆ. ಮೂರು ಸಂಜೆಗಳಲ್ಲಿ, ಹಗಲಿನ ಓಡಾಟ ಮುಗಿದ ಮೇಲೆ ಕುಳಿತು, 64ರಲ್ಲಿ 58 ಯೋಜನೆಗಳನ್ನು ನಕಲು ಮಾಡಿ, ಎಲ್ಲಕ್ಕೂ ಮೇ 1 ಎಂದು ಆರಂಭದ ದಿನಾಂಕ ಹಾಕಿದೆ. ಆಗ ನಾನು ಕುಶಾಲನಗರದ ಕಚೇರಿಯಲ್ಲಿದ್ದೆ, ಯಂತ್ರಗಳು 30 ಕಿಲೋಮೀಟರ್ ದೂರದ ಮಡಿಕೇರಿಯಲ್ಲಿದ್ದವು. ಆ ವರ್ಷದ ತೊಂದರೆಗಳಲ್ಲಿ ಬಹುಪಾಲು ಈ ಒಂದು ಸಂಗತಿಯಿಂದಲೇ ಹುಟ್ಟಿದವು ಎಂಬುದು ಈಗ ನನಗೆ ಸ್ಪಷ್ಟವಾಗಿದೆ.

ಮೇ 1ರ ಬೆಳಿಗ್ಗೆ ಮಡಿಕೇರಿಯ ಮೂವರು ತಂತ್ರಜ್ಞರ ಮೊಬೈಲಿಗೆ ಒಟ್ಟು 41 ವರ್ಕ್ ಆರ್ಡರ್‌ಗಳು ಬಂದವು. ವಾರದ ಕೆಲಸ, ತಿಂಗಳ ಕೆಲಸ, ಮೂರು ತಿಂಗಳ ಕೆಲಸ, ಎಲ್ಲದಕ್ಕೂ ಒಂದೇ ದಿನ ಆರಂಭವೆಂದು ನಾನೇ ಬರೆದಿದ್ದರಿಂದ ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದವು. ಕುಶಾಲನಗರದಲ್ಲಿ ಅವು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಸೇರಿದ್ದರಿಂದ ತಿಂಗಳ ತುಂಬ ಹಂಚಿಹೋಗಿದ್ದವು. ನಕಲಿನಲ್ಲಿ ಆ ಹಂಚಿಕೆ ಅಳಿಸಿಹೋಗಿತ್ತು. ಹುಡುಗರು ರಾತ್ರಿ ಎಂಟರವರೆಗೆ ಕೆಲಸ ಮಾಡಿದರು. ಮರುದಿನ ನಾನು ಫೋಟೊಗಳನ್ನು ತೆರೆದು ನೋಡಿದಾಗ ನಾಲ್ಕು ಬೇರೆ ಬೇರೆ ಪಂಪುಗಳ ವರ್ಕ್ ಆರ್ಡರ್‌ಗಳಿಗೆ ಒಂದೇ ಪಂಪಿನ ಚಿತ್ರ ಹಾಕಿರುವುದು ಕಂಡಿತು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಮೂವರ ಕೈಗೆ 41 ಕೆಲಸ ಕೊಟ್ಟು ಸಂಜೆಯೊಳಗೆ ಮುಗಿಸಿ ಎಂದರೆ, ನೋಡದೆಯೇ ಟಿಕ್ ಹಾಕುವುದನ್ನು ನಾವೇ ಕಲಿಸಿದಂತೆ. ಒಮ್ಮೆ ಆ ಅಭ್ಯಾಸ ಬಂದರೆ ಮುಂದೆ ಯಾವ ಚೆಕ್‌ಲಿಸ್ಟಿಗೂ ಬೆಲೆ ಉಳಿಯುವುದಿಲ್ಲ.

ಅದೇ ವಾರ ಕುಶಾಲನಗರದಿಂದ ನಮ್ಮ ಹಿರಿಯ ಎಲೆಕ್ಟ್ರಿಷಿಯನ್ ಫೋನ್ ಮಾಡಿದರು. “ಮೇಡಂ, ಫಿಲ್ಟರ್ ಪಂಪಿಗೆ ಎರಡೆರಡು ಸಲ ಪಿಎಂ ಬಂದಿದೆ. ಒಂದು ಮುಗಿಸಿದೆ, ಇನ್ನೊಂದು ಏನು ಮಾಡಲಿ?” ಎಂದು ಕೇಳಿದರು. ಹುಡುಕಿ ನೋಡಿದಾಗ, ನಕಲು ಮಾಡಿದ 58ರಲ್ಲಿ ಒಂಬತ್ತು ಯೋಜನೆಗಳಲ್ಲಿ ನಾನು ಸ್ಥಳವನ್ನು ಮಡಿಕೇರಿ ಎಂದು ಬದಲಿಸಿದ್ದರೂ ಅಸೆಟ್ ಮಾತ್ರ ಕುಶಾಲನಗರದ್ದೇ ಉಳಿದಿತ್ತು. ಸ್ಥಳ ಬದಲಿಸಿದರೆ ಅಸೆಟ್ ತಾನಾಗಿ ಖಾಲಿಯಾಗುತ್ತದೆ ಎಂದುಕೊಂಡಿದ್ದೆ, ಹಾಗೆ ಆಗಿರಲಿಲ್ಲ. ಇದರಿಂದ ಕುಶಾಲನಗರದ ಒಂಬತ್ತು ಯಂತ್ರಗಳಿಗೆ ಎರಡೆರಡು ಯೋಜನೆಗಳಾದವು, ಮಡಿಕೇರಿಯ ಒಂಬತ್ತು ಯಂತ್ರಗಳಿಗೆ ಒಂದೂ ಇರಲಿಲ್ಲ. ಎರಡನೆಯದೇ ಹೆಚ್ಚು ಅಪಾಯದ್ದು. ಎರಡು ಸಲ ಬಂದ ಕೆಲಸವನ್ನು ಯಾರಾದರೂ ಗಮನಿಸಿ ಫೋನ್ ಮಾಡುತ್ತಾರೆ, ಬಾರದೇ ಹೋದ ಕೆಲಸದ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ.

ಜೂನ್‌ನಲ್ಲಿ ಇನ್ನೊಂದು ಪಾಠ. ಕುಶಾಲನಗರದಲ್ಲಿ ನದಿಯ ದಂಡೆಗೆ ಹತ್ತಿರ ಒಂದು ತೆರೆದ ಬಾವಿಯಿದೆ. ಹೊಳೆ ಏರಿದಾಗ ಬಾವಿಯ ನೀರು ಕೆಂಪಾಗಿ, ಪಂಪಿನ ಪೈಪಿನ ತಳದಲ್ಲಿರುವ ಫುಟ್‌ವಾಲ್ವ್‌ಗೆ ಕಸ ಕಟ್ಟಿಕೊಳ್ಳುತ್ತದೆ; ಆದ್ದರಿಂದ ವಾರದ ಚೆಕ್‌ಲಿಸ್ಟಿನಲ್ಲಿ ಫುಟ್‌ವಾಲ್ವ್ ನೋಡುವ ಸಾಲೊಂದಿತ್ತು. ಮಡಿಕೇರಿಯಲ್ಲಿ ಬಾವಿಯೇ ಇಲ್ಲ, ಗುಡ್ಡದ ಊಟೆಯ ನೀರು ತೊಟ್ಟಿಗೆ ತಾನಾಗಿ ಇಳಿದುಬರುತ್ತದೆ. ಹಾಗಾಗಿ ಮಡಿಕೇರಿಯ ಯೋಜನೆಯನ್ನು ತೆರೆದು ಆ ಸಾಲನ್ನು ಅಳಿಸಿದೆ. ಹತ್ತು ದಿನಗಳ ನಂತರ ಅದೇ ಎಲೆಕ್ಟ್ರಿಷಿಯನ್ ಕೇಳಿದರು: “ಮೇಡಂ, ಫುಟ್‌ವಾಲ್ವ್ ನೋಡುವ ಸಾಲು ಎಲ್ಲಿ ಹೋಯಿತು? ಹೊಳೆ ಏರುತ್ತಿದೆ, ನಾನು ನೋಡುತ್ತಲೇ ಇದ್ದೇನೆ, ಆದರೆ ಬರೆಯುವುದಕ್ಕೆ ಜಾಗವಿಲ್ಲ.”

ಆಗ ಅರ್ಥವಾಯಿತು. ಡೂಪ್ಲಿಕೇಟ್ ಒತ್ತಿದಾಗ ಯೋಜನೆಯ ಪ್ರತಿ ಆಗಿತ್ತೇ ಹೊರತು ಚೆಕ್‌ಲಿಸ್ಟಿನ ಪ್ರತಿ ಆಗಿರಲಿಲ್ಲ. ಎರಡೂ ಯೋಜನೆಗಳು ಒಂದೇ ಚೆಕ್‌ಲಿಸ್ಟಿಗೆ ಕೊಂಡಿ ಹಾಕಿಕೊಂಡಿದ್ದವು. ಮಡಿಕೇರಿಯಲ್ಲಿ ನಾನು ಅಳಿಸಿದ್ದು ಕುಶಾಲನಗರದಲ್ಲೂ ಅಳಿಸಿಹೋಗಿತ್ತು. ಅವರು ಅನುಭವಸ್ಥರಾದ್ದರಿಂದ ಸಾಲು ಇಲ್ಲದಿದ್ದರೂ ವಾಲ್ವ್ ನೋಡುತ್ತಿದ್ದರು. ಅವರ ಜಾಗದಲ್ಲಿ ಹೊಸಬನೊಬ್ಬ ಇದ್ದಿದ್ದರೆ ಪಂಪು ಒಣಗಿ ಓಡಿ ಸುಟ್ಟಿರುತ್ತಿತ್ತು. ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಯಲ್ಲಿ ವಿಚಾರಿಸಿದಾಗ, ಚೆಕ್‌ಲಿಸ್ಟನ್ನು ಮೊದಲು ಪ್ರತ್ಯೇಕವಾಗಿ ನಕಲು ಮಾಡಿ, ಹೊಸ ಹೆಸರು ಕೊಟ್ಟು, ಆಮೇಲೆ ನಕಲು ಯೋಜನೆಗೆ ಜೋಡಿಸಬೇಕೆಂದು ತಿಳಿಸಿದರು. ಎಲ್ಲ ಕಡೆಯೂ ಒಂದೇ ಆಗಿರಬೇಕಾದ ಚೆಕ್‌ಲಿಸ್ಟಿಗೆ, ಉದಾಹರಣೆಗೆ ಅಗ್ನಿಶಾಮಕ ಸಿಲಿಂಡರಿನ ತಪಾಸಣೆಗೆ, ಈ ಹಂಚಿಕೆಯ ಕ್ರಮ ಒಳ್ಳೆಯದೇ. ಒಂದು ಕಡೆ ತಿದ್ದಿದರೆ ಎರಡೂ ಕಡೆ ತಿದ್ದಿದಂತಾಗುತ್ತದೆ. ಯಾವುದು ಹಂಚಿಕೆಯದು, ಯಾವುದು ಸ್ವಂತದ್ದು ಎಂಬುದು ನಕಲು ಮಾಡುವವರಿಗೆ ಮೊದಲೇ ತಿಳಿದಿರಬೇಕು, ಅಷ್ಟೆ.

ಜನರೇಟರಿನ ವಿಷಯ ಇವೆಲ್ಲಕ್ಕಿಂತ ಗಂಭೀರವಾದದ್ದು. ಮಡಿಕೇರಿಯ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ತಂತಿ ಹರಿಯುವುದು ಹೊಸತಲ್ಲ. ತೋಟಗಳ ನಡುವೆ ಹಾದುಬರುವ ಲೈನುಗಳ ಮೇಲೆ ಸಿಲ್ವರ್ ಓಕ್ ಕೊಂಬೆಗಳು ಮುರಿದು ಬೀಳುತ್ತಲೇ ಇರುತ್ತವೆ. ವಿದ್ಯುತ್ ಕಂಪನಿ ಚೆಸ್ಕಾಂನ ಲೈನ್‌ಮನ್‌ಗಳು ಆ ಮಳೆಯಲ್ಲಿ ಕಂಬ ಹತ್ತಿ ಮಾಡುವ ಕೆಲಸವನ್ನು ಕಣ್ಣಾರೆ ಕಂಡ ನಾನು ಅವರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಜುಲೈನಲ್ಲಿ ನಮ್ಮ ಜನರೇಟರ್ ಕೆಲವು ದಿನ ಹತ್ತು ಗಂಟೆ, ಕೆಲವು ದಿನ ಅದಕ್ಕಿಂತಲೂ ಹೆಚ್ಚು ಓಡಿತು. ಅದರ ಕೈಪಿಡಿಯ ಪ್ರಕಾರ 250 ಗಂಟೆ ಓಡಿದಾಗ ಎಂಜಿನ್ ಆಯಿಲನ್ನೂ ಫಿಲ್ಟರುಗಳನ್ನೂ ಬದಲಿಸಬೇಕು. ದಿನಕ್ಕೆ ಹತ್ತು ಗಂಟೆ ಓಡಿದರೆ ಇಪ್ಪತ್ತೈದೇ ದಿನಗಳಲ್ಲಿ ಆ ಮಿತಿ ಬಂದುಬಿಡುತ್ತದೆ. ಗಂಟೆಯ ಲೆಕ್ಕದ ಯೋಜನೆ ಇರುವುದರಿಂದ ಸಮಯಕ್ಕೆ ಸರಿಯಾಗಿ ವರ್ಕ್ ಆರ್ಡರ್ ಬರುತ್ತದೆ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಹುಡುಗರೂ ದಿನವೂ ಮೀಟರ್ ರೀಡಿಂಗ್ ತಪ್ಪದೆ ತುಂಬುತ್ತಿದ್ದರು.

ಜುಲೈ ಕೊನೆಯ ಒಂದು ರಾತ್ರಿ ಜನರೇಟರ್ ಕೋಣೆಯಿಂದ ಕಿರಿಯ ತಂತ್ರಜ್ಞ ಒಂದು ಫೋಟೊ ಕಳುಹಿಸಿದ. ಯಂತ್ರದ ಮುಚ್ಚಳದ ಒಳಬದಿಯಲ್ಲಿ ಅಳವಡಿಕೆಯ ದಿನ ಡೀಲರ್ ಕಡೆಯವರು ಅಂಟಿಸಿದ್ದ ಪುಟ್ಟ ಸ್ಟಿಕರ್ ಅದರಲ್ಲಿತ್ತು. ಅದರ ಮೇಲೆ ನೀಲಿ ಪೆನ್ನಿನಲ್ಲಿ ‘ಮುಂದಿನ ಸರ್ವಿಸ್ 250’ ಎಂದು ಬರೆದಿತ್ತು. ಪಕ್ಕದಲ್ಲೇ ಟಾರ್ಚಿನ ಬೆಳಕಿನಲ್ಲಿ ಗಂಟೆಯ ಮೀಟರ್ ಕಾಣುತ್ತಿತ್ತು: 318. “ಮೇಡಂ, ಇದಕ್ಕೆ ಪಿಎಂ ಬಂದಿಲ್ಲವಲ್ಲ?” ಎಂಬ ಒಂದೇ ಸಾಲು ಕೆಳಗಿತ್ತು.

ನಾನು ಯೋಜನೆಯನ್ನು ತೆರೆದೆ. ‘ಕೊನೆಯ ಸರ್ವಿಸ್ ಆದಾಗಿನ ರೀಡಿಂಗ್’ ಎಂಬ ಕಡೆ 3,140 ಎಂದಿತ್ತು. ಅದು ಕುಶಾಲನಗರದ ಹಳೆಯ ಜನರೇಟರಿನ ಸಂಖ್ಯೆ. ಅದಕ್ಕೆ 250 ಸೇರಿಸಿ, ಮುಂದಿನ ಸರ್ವಿಸ್ 3,390ಕ್ಕೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿಟ್ಟಿತ್ತು. ನಾವು ಕೈಗೆ ತೆಗೆದುಕೊಂಡ ದಿನ ಹೊಸ ಯಂತ್ರದ ಮೀಟರ್ 22ರಲ್ಲಿತ್ತು. ಅಂದರೆ ಇನ್ನೂ 3,368 ಗಂಟೆ ಓಡುವವರೆಗೆ ಆ ಯೋಜನೆಯಿಂದ ಒಂದೂ ವರ್ಕ್ ಆರ್ಡರ್ ಬರುತ್ತಿರಲಿಲ್ಲ. ಯಾವ ಎಚ್ಚರಿಕೆಯೂ ಇರಲಿಲ್ಲ, ಯಾವ ಕೆಂಪು ಗುರುತೂ ಇರಲಿಲ್ಲ. ಪರದೆಯ ಮೇಲೆ ಯೋಜನೆ ಹಸಿರಾಗಿ ‘ಸಕ್ರಿಯ’ ಎಂದೇ ತೋರಿಸುತ್ತಿತ್ತು.

ಮರುದಿನ ಬೆಳಿಗ್ಗೆ ಕರೆಂಟ್ ಬಂದ ಕೂಡಲೇ ಆಯಿಲ್ ಬದಲಿಸಲು ಹೊರಟರೆ, ಉಗ್ರಾಣದಲ್ಲಿದ್ದ ಫಿಲ್ಟರ್ ಕೂರಲಿಲ್ಲ. ಕುಶಾಲನಗರದ ಜನರೇಟರಿನ ಸಾಮರ್ಥ್ಯ 82.5 ಕೆವಿಎ, ಮಡಿಕೇರಿಯದು 125 ಕೆವಿಎ, ಎಂಜಿನ್‌ಗಳೇ ಬೇರೆ. ಬಿಡಿಭಾಗಗಳ ಪಟ್ಟಿಯೂ ಯೋಜನೆಯ ಜೊತೆಗೇ ನಕಲಾಗಿದ್ದರಿಂದ, ಉಗ್ರಾಣದವರು ಪಟ್ಟಿಯಲ್ಲಿದ್ದ ಸಂಖ್ಯೆಯನ್ನು ನಂಬಿ ಹಳೆಯ ಯಂತ್ರದ ಫಿಲ್ಟರುಗಳನ್ನೇ ತರಿಸಿಟ್ಟಿದ್ದರು. ಅವರ ತಪ್ಪೇನೂ ಇರಲಿಲ್ಲ. ಸರಿಯಾದ ಫಿಲ್ಟರನ್ನು ಮೈಸೂರಿನಿಂದ ಬಸ್ಸಿನಲ್ಲಿ ಹಾಕಿಸಿಕೊಂಡು, ಸಂಜೆ ಮಡಿಕೇರಿ ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ಕಾದು ತಂದೆವು. ರಾತ್ರಿ ಒಂಬತ್ತರ ಹೊತ್ತಿಗೆ ಕೆಲಸ ಮುಗಿಯಿತು. 68 ಗಂಟೆಗಳ ವಿಳಂಬದಿಂದ ಎಂಜಿನ್‌ಗೆ ಕಾಣುವಂಥ ಹಾನಿ ಆಗಿರಲಿಲ್ಲ. ಆ ಹುಡುಗ ಸ್ಟಿಕರ್ ಓದದೇ ಹೋಗಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಮಾತ್ರ ಆ ರಾತ್ರಿ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ.

ಆಗಸ್ಟ್ ಮೊದಲ ವಾರ, ಕೊಡವರ ಕಕ್ಕಡ ತಿಂಗಳ ಮಳೆ ಜೋರಾಗಿದ್ದಾಗ, ನಾನು ಲ್ಯಾಪ್‌ಟಾಪ್ ಹಿಡಿದು ಮಡಿಕೇರಿಗೇ ಹೋಗಿ ಹನ್ನೆರಡು ದಿನ ಉಳಿದೆ. ಈ ಸಲ 58 ಯೋಜನೆಗಳನ್ನೂ ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿಕೊಂಡು, ಪ್ರತಿ ಯಂತ್ರದ ಮುಂದೆ ನಿಂತು, ಒಂದೊಂದು ಕಾಲಮನ್ನೂ ಎದುರಿನ ವಸ್ತುವಿಗೆ ತಾಳೆ ನೋಡಿದೆ. ಅಸೆಟ್ ಸಂಖ್ಯೆ ಯಂತ್ರಕ್ಕೆ ಅಂಟಿಸಿದ ಕ್ಯೂಆರ್ ಕೋಡಿಗೆ ಹೊಂದುತ್ತದೆಯೇ, ಮೀಟರ್ ಇದ್ದರೆ ಅದರ ಇಂದಿನ ರೀಡಿಂಗ್ ಎಷ್ಟು, ಕೊನೆಯ ಸರ್ವಿಸ್ ಎಂದು ಆಯಿತು, ಬಿಡಿಭಾಗದ ಸಂಖ್ಯೆ ನಾಮಫಲಕಕ್ಕೆ ಸರಿಹೋಗುತ್ತದೆಯೇ, ಕೆಲಸ ಯಾರ ಹೆಸರಿಗಿದೆ ಎಂದು ಕೇಳುತ್ತ ಹೋದಂತೆ ತಪ್ಪುಗಳು ಹೊರಬಿದ್ದವು. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಗುತ್ತಿಗೆದಾರರ ಫೋನ್ ಸಂಖ್ಯೆಗಳು ಹದಿನಾಲ್ಕು ಯೋಜನೆಗಳಲ್ಲಿ ಕುಶಾಲನಗರದವೇ ಆಗಿದ್ದವು. ಇವನ್ನು ತಿದ್ದುವುದು ಸುಲಭ, ಬೇಗನೆ ಮುಗಿಯಿತು.

ಅವಧಿಯ ಪ್ರಶ್ನೆ ಅಷ್ಟು ಸುಲಭವಾಗಿರಲಿಲ್ಲ. ಎರಡು ಊರುಗಳ ನಡುವೆ ಇರುವುದು ಒಂದು ಗಂಟೆಯ ದಾರಿ ಮತ್ತು 300 ಮೀಟರಿಗೂ ಹೆಚ್ಚು ಎತ್ತರದ ವ್ಯತ್ಯಾಸ. ಆದರೆ ಮಳೆಯ ಲೆಕ್ಕದಲ್ಲಿ ಅವು ಬೇರೆ ಬೇರೆ ಸೀಮೆಗಳೇ. ಟ್ರಾನ್ಸ್‌ಫಾರ್ಮರಿನ ಬ್ರೀದರ್ ನೋಡಿದಾಗ ಇದು ನನಗೆ ಮನದಟ್ಟಾಯಿತು. ಟ್ರಾನ್ಸ್‌ಫಾರ್ಮರಿನೊಳಗಿನ ಎಣ್ಣೆ ಬಿಸಿಯಾದಾಗ ಹಿಗ್ಗಿ, ತಣಿದಾಗ ಕುಗ್ಗುವುದರಿಂದ ಅದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿಯ ತೇವವನ್ನು ಹಿಡಿಯಲೆಂದು ಗಾಜಿನ ಬುರುಡೆಯೊಂದರಲ್ಲಿ ಸಿಲಿಕಾ ಜೆಲ್ ಹರಳುಗಳನ್ನು ತುಂಬಿರುತ್ತಾರೆ. ಒಣಗಿದ್ದಾಗ ಅವು ಗಾಢ ನೀಲಿ, ತೇವ ಹೀರಿದಂತೆ ತಿಳಿ ಗುಲಾಬಿ. ಕುಶಾಲನಗರದಲ್ಲಿ ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕಾಗಿತ್ತು, ನಕಲು ಯೋಜನೆಯಲ್ಲೂ ಮೂರು ತಿಂಗಳೇ ಇತ್ತು. ಮಡಿಕೇರಿಯಲ್ಲಿ ನಾನು ನೋಡಿದ ದಿನ ಬುರುಡೆಯ ತಳದಿಂದ ಮೇಲಕ್ಕೆ ಮುಕ್ಕಾಲು ಪಾಲು ಹರಳುಗಳು ಗುಲಾಬಿಗೆ ತಿರುಗಿ, ಮೇಲ್ತುದಿಯಲ್ಲಿ ಎರಡು ಬೆರಳಿನಷ್ಟು ಮಾತ್ರ ನೀಲಿ ಉಳಿದಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ, ಉಳಿದ ತಿಂಗಳುಗಳಲ್ಲಿ ಮೂರು ತಿಂಗಳಿಗೊಮ್ಮೆ ಎಂದು ಆ ಒಂದು ಯೋಜನೆಯನ್ನು ಎರಡಾಗಿ ಒಡೆದೆ.

ಅರ್ಥಿಂಗ್ ಪರೀಕ್ಷೆಯಲ್ಲಿ ತಪ್ಪು ತದ್ವಿರುದ್ಧವಾಗಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಗುಂಡಿಯೇ ಅರ್ಥ್ ಪಿಟ್; ಅದರ ರೋಧ ಕಡಿಮೆ ಇದ್ದಷ್ಟೂ ಒಳ್ಳೆಯದು. ಭೂಮಿ ಒದ್ದೆಯಾಗಿದ್ದಾಗ ಅರ್ಥ್ ಪಿಟ್‌ನ ರೋಧ ಕಡಿಮೆಯೇ ಬರುತ್ತದೆ. ಅದು ನಿಜಕ್ಕೂ ಸರಿಯಾಗಿದೆಯೇ ಎಂದು ತಿಳಿಯಬೇಕಾದರೆ ನೆಲ ಒಣಗಿದ ಕಾಲದಲ್ಲೇ ಅಳೆಯಬೇಕು. ಕುಶಾಲನಗರದಲ್ಲಿ ಅದು ಮಾರ್ಚ್‌ಗೆ ನಿಗದಿಯಾಗಿತ್ತು. ನಾನು ಎಲ್ಲಕ್ಕೂ ಮೇ 1 ಎಂದು ಹಾಕಿದ್ದರಿಂದ ಮಡಿಕೇರಿಯಲ್ಲಿ ಮುಂಗಾರು ಪೂರ್ವದ ಮಳೆಗಳು ಬಿದ್ದ ಮೇಲೆ ಅಳತೆಯಾಗಿ, ಸುಂದರವಾದ ಅಂಕಿಗಳು ದಾಖಲಾಗಿದ್ದವು. ಅವನ್ನು ನಾನು ಪರಿಗಣಿಸದೆ, ಫೆಬ್ರವರಿ ಕೊನೆಗೆ, ಕಾಫಿ ಹೂವಿನ ಮಳೆ ಬೀಳುವ ಮುಂಚೆ ಮತ್ತೆ ಅಳೆಯಬೇಕೆಂದು ಬರೆದೆ.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಸಾಫ್ಟ್‌ವೇರ್‌ನಲ್ಲಿ ಮುಂದಿನ ಗಡುವನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಿಸಬಹುದು: ಕ್ಯಾಲೆಂಡರಿನ ನಿಶ್ಚಿತ ದಿನಾಂಕದಿಂದ, ಇಲ್ಲವೇ ಹಿಂದಿನ ಕೆಲಸ ಮುಗಿದ ದಿನದಿಂದ. ಜನರೇಟರ್ ಆಯಿಲಿಗೆ ಎರಡನೆಯದೇ ಸರಿ. ಋತುವಿಗೆ ಅಂಟಿಕೊಂಡ ಕೆಲಸಕ್ಕೆ ಮಾತ್ರ ಅದು ಸಲ್ಲದು, ಏಕೆಂದರೆ ಒಂದು ವರ್ಷ ಅರ್ಥಿಂಗ್ ಪರೀಕ್ಷೆ ಎರಡು ತಿಂಗಳು ತಡವಾದರೆ ಮುಂದಿನ ವರ್ಷವೂ ಅದು ಮಳೆಗಾಲದ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ನಕಲಿನಲ್ಲಿ ಈ ಆಯ್ಕೆ ಮೂಲದಂತೆಯೇ ಉಳಿಯುತ್ತದೆ, ಕಣ್ಣಿಗೆ ಬೀಳದ ಮೂಲೆಯಲ್ಲಿರುವುದರಿಂದ ತೆರೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಗೀಸರ್‌ಗಳ ಉಪ್ಪು ತೆಗೆಯುವ ಕೆಲಸವನ್ನು ನಾನು ಕಡಿಮೆ ಮಾಡಿದೆ. ಕುಶಾಲನಗರದ ನಮ್ಮ ಕೊಳವೆಬಾವಿಯ ನೀರು ಗಡಸು, ಮಡಿಕೇರಿಯ ಊಟೆಯ ನೀರು ಮೆದು. ಹೆಂಚಿನ ಮಾಡಿನ ಮಳೆನೀರಿನ ದೋಣಿಗಳನ್ನು ಶುಚಿಗೊಳಿಸುವುದನ್ನು ವರ್ಷಕ್ಕೆರಡು ಸಲದಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಂದು ಹೆಚ್ಚಿಸಿದೆ. ಕೈಲ್‌ಪೊಳ್ದ್ ಮತ್ತು ಪುತ್ತರಿ ಹಬ್ಬಗಳಂದು ಹುಡುಗರಲ್ಲಿ ಅರ್ಧದಷ್ಟು ಮಂದಿ ತಮ್ಮ ಮನೆಗಳಲ್ಲಿರುತ್ತಾರಾದ್ದರಿಂದ ಆ ದಿನಗಳಿಗೆ ದೊಡ್ಡ ಕೆಲಸ ಬೀಳದಂತೆ ನೋಡಿಕೊಂಡೆ.

ಹನ್ನೊಂದನೆಯ ದಿನ ನಾನು ಬಾಯ್ಲರ್ ಕೋಣೆಯ ಹಿಂದೆ ನಿಂತಿದ್ದಾಗ, ಪಕ್ಕದ ತೋಟದಲ್ಲಿ ಬಹಳ ವರ್ಷ ಕೆಲಸ ಮಾಡಿ ಈಗ ನಮ್ಮಲ್ಲಿ ಕಾವಲಿಗಿರುವ ಹಿರಿಯರೊಬ್ಬರು ನನ್ನನ್ನು ಕರೆದು, ಕಟ್ಟಡದ ಹಿಂದಿನ ತಡೆಗೋಡೆಯನ್ನು ತೋರಿಸಿದರು. “ಈ ತೂತುಗಳಲ್ಲಿ ನೀರು ಬರುತ್ತಿರಬೇಕು ಮೇಡಂ. ಇಷ್ಟು ಮಳೆಯಲ್ಲೂ ಬರುತ್ತಿಲ್ಲ ಎಂದರೆ ನೀರು ಒಳಗೇ ನಿಂತಿದೆ” ಎಂದರು. ಗೋಡೆಯಲ್ಲಿ ಸಾಲಾಗಿದ್ದ ಪೈಪಿನ ರಂಧ್ರಗಳಲ್ಲಿ ಐದು ಮಣ್ಣು, ಬೇರುಗಳಿಂದ ಮುಚ್ಚಿಹೋಗಿದ್ದವು. ಒಂದನ್ನು ಕಬ್ಬಿಣದ ಸರಳಿನಿಂದ ಚುಚ್ಚಿ ತೆರೆದಾಗ ಕೆಂಪು ನೀರು ಕೊಡದಿಂದ ಸುರಿದಂತೆ ಹರಿದು, ಬಹಳ ಹೊತ್ತಿನವರೆಗೆ ನಿಲ್ಲಲೇ ಇಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮನೆ, ತೋಟ, ಜೀವಗಳು ಹೋದದ್ದನ್ನು ಕಂಡವರು ನಾವು. ಇಳಿಜಾರಿನಲ್ಲಿ ನೀರು ಒಳಗೆ ನಿಂತರೆ ಏನಾಗುತ್ತದೆಂದು ಕೊಡಗಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ನನ್ನ 58 ಯೋಜನೆಗಳಲ್ಲಿ ತಡೆಗೋಡೆಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಕಾರಣ ಸರಳ: ಕುಶಾಲನಗರದ ನೆಲ ಸಮತಟ್ಟು, ಅಲ್ಲಿ ತಡೆಗೋಡೆಯೇ ಇಲ್ಲ, ಮೂಲದಲ್ಲಿ ಇಲ್ಲದ್ದು ನಕಲಿನಲ್ಲಿ ಬರಲು ಸಾಧ್ಯವಿರಲಿಲ್ಲ. ಇದ್ದುದನ್ನು ತಾಳೆ ನೋಡುವುದರಲ್ಲಿ ಹತ್ತು ದಿನ ಕಳೆದಿದ್ದ ನಾನು, ಇಲ್ಲದ್ದೇನು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಂದೇ ಗೋಡೆಗೂ, ಅದರ ಮೇಲಿನ ಚರಂಡಿಗೂ ಅಸೆಟ್ ಸಂಖ್ಯೆ ಕೊಟ್ಟು, ಹೊಸ ಯೋಜನೆ ಬರೆದೆ. ಚೆಕ್‌ಲಿಸ್ಟಿನ ಸಾಲುಗಳನ್ನು ಆ ಹಿರಿಯರೇ ಹೇಳಿದರು: ಎಷ್ಟು ರಂಧ್ರಗಳಲ್ಲಿ ನೀರು ಬರುತ್ತಿದೆ, ನೀರು ತಿಳಿಯೋ ಕೆಸರೋ, ಗೋಡೆ ಎಲ್ಲಾದರೂ ಉಬ್ಬಿದೆಯೇ, ಮೇಲಿನ ನೆಲದಲ್ಲಿ ಬಿರುಕು ಬಿಟ್ಟಿದೆಯೇ, ಮರಗಳು ವಾಲಿವೆಯೇ. ಮಳೆಗಾಲದಲ್ಲಿ ದಿನವೂ ನೋಡಬೇಕು. ನೀರು ಕೆಸರಾದರೆ ಅಥವಾ ಬಿರುಕು ಕಂಡರೆ ವರ್ಕ್ ಆರ್ಡರ್ ಮುಗಿಸುವುದಕ್ಕೆ ಮೊದಲು ನನಗೆ ಫೋನ್ ಮಾಡಬೇಕು.

ಮಳೆ ಕಳೆದ ಮೇಲೆ ನಕಲು ಮಾಡುವ ಕ್ರಮವನ್ನೇ ಬದಲಿಸಿದೆವು. ಈಗ ನಡೆಯುತ್ತಿರುವ ಯೋಜನೆಯಿಂದ ಯಾರೂ ನಕಲು ಮಾಡುವುದಿಲ್ಲ. ಅಸೆಟ್, ದಿನಾಂಕ, ರೀಡಿಂಗ್, ಬಿಡಿಭಾಗದ ಸಂಖ್ಯೆ, ತಂತ್ರಜ್ಞನ ಹೆಸರು ಇವೆಲ್ಲವನ್ನೂ ಖಾಲಿ ಬಿಟ್ಟ ಮಾದರಿ ಯೋಜನೆಗಳನ್ನು ಬೇರೆಯಾಗಿಟ್ಟು, ಅಲ್ಲಿಂದಲೇ ಪ್ರತಿ ತೆಗೆಯುತ್ತೇವೆ. ಖಾಲಿ ಜಾಗ ತಾನಾಗಿ ಕಣ್ಣಿಗೆ ಬೀಳುತ್ತದೆ, ತಪ್ಪಾಗಿ ತುಂಬಿರುವ ಜಾಗ ಬೀಳುವುದಿಲ್ಲ. ಪ್ರತಿ ಮೊದಲು ಕರಡಾಗಿಯೇ ಇರುತ್ತದೆ. ಮುಂದಿನ ಹನ್ನೆರಡು ತಿಂಗಳ ವೇಳಾಪಟ್ಟಿಯನ್ನು ಪರದೆಯ ಮೇಲೆ ತೆರೆದು, ಯಾವ ದಿನವೂ ಒಬ್ಬನಿಗೆ ಐದಕ್ಕಿಂತ ಹೆಚ್ಚು ಕೆಲಸ ಬಿದ್ದಿಲ್ಲವೆಂದು ನೋಡಿದ ಮೇಲಷ್ಟೇ ಸಕ್ರಿಯಗೊಳಿಸುತ್ತೇವೆ. ಸಕ್ರಿಯಗೊಳಿಸುವ ಅಧಿಕಾರ ನನಗೂ ಕುಶಾಲನಗರದ ಎಲೆಕ್ಟ್ರಿಷಿಯನ್‌ಗೂ ಮಾತ್ರ ಇದೆ, ನಾನು ತುಂಬಿದ್ದನ್ನು ಅವರು ನೋಡಬೇಕು, ಅವರು ತುಂಬಿದ್ದನ್ನು ನಾನು ನೋಡಬೇಕು.

ಈ ವರ್ಷದ ಮಾರ್ಚ್‌ನಲ್ಲಿ ಮಡಿಕೇರಿಯ ಯೋಜನೆಗಳನ್ನೆಲ್ಲ ಈ ಕ್ರಮದಲ್ಲಿ ಮತ್ತೆ ಕಟ್ಟಿದೆವು. ಈಗ ಅವು 63. ಕೊನೆಯದಾಗಿ ಉಳಿದದ್ದು ಜನರೇಟರಿನದು. ಸ್ಟಿಕರ್ ಓದಿದ್ದ ಆ ಹುಡುಗನೇ ಜನರೇಟರ್ ಕೋಣೆಯೊಳಗೆ ಬಗ್ಗಿ, ಮೀಟರಿನ ಗಾಜನ್ನು ಬಟ್ಟೆಯಿಂದ ಒರೆಸಿ, ರೀಡಿಂಗನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದ. ನಾನು ಬಾಗಿಲಲ್ಲಿ ನಿಂತು ಟೈಪ್ ಮಾಡಿ, ಅವನಿಗೆ ತಿರುಗಿ ಓದಿ ಹೇಳಿದೆ. ಅವನು ಇನ್ನೊಮ್ಮೆ ಮೀಟರ್ ನೋಡಿ, “ಸರಿ ಇದೆ ಮೇಡಂ” ಎಂದ ಮೇಲೆ ಉಳಿಸಿದೆ.